ಮೂತ್ರದಲ್ಲಿ ರಕ್ತ: ಯಾವ ಮೂತ್ರಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ?

ಮೂತ್ರದಲ್ಲಿ ರಕ್ತವಿದೆ ಎಂದು ಗೊತ್ತಾದವರ ಮುಂದೆ ಒಂದಲ್ಲ, ಐದಾರು ಪರೀಕ್ಷೆಗಳ ಹೆಸರುಗಳು ಬಂದು ನಿಲ್ಲುತ್ತವೆ: ರೂಟೀನ್, ಮೈಕ್ರೋಸ್ಕೋಪಿ, ಕಲ್ಚರ್, ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ, ಸೈಟಾಲಜಿ, 24 ಗಂಟೆಯ ಮೂತ್ರ. ಎಲ್ಲವನ್ನೂ ಒಟ್ಟಿಗೆ ಮಾಡಿಸಿಬಿಡುವುದೇ, ಅಗ್ಗದ ಒಂದರಿಂದ ಆರಂಭಿಸಿ ಮುಂದೆ ನೋಡುವುದೇ, ಅಥವಾ ಮೂತ್ರಪರೀಕ್ಷೆಯ ಗೊಡವೆಯೇ ಬೇಡವೆಂದು ನೇರವಾಗಿ ಸ್ಕ್ಯಾನಿಂಗಿಗೆ ಹೋಗುವುದೇ ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಈ ಗೊಂದಲಕ್ಕೆ ಮುಖ್ಯ ಕಾರಣ, ಇವೆಲ್ಲ ಒಂದೇ ಕೆಲಸವನ್ನು ಮಾಡುವ, ಬೆಲೆ ಹೆಚ್ಚಿದಷ್ಟೂ ಚೆನ್ನಾಗಿ ಮಾಡುವ ಪರೀಕ್ಷೆಗಳು ಎಂದು ಭಾವಿಸುವುದು. ವಾಸ್ತವದಲ್ಲಿ ಇವು ಕೇಳುವ ಪ್ರಶ್ನೆಗಳೇ ಬೇರೆ ಬೇರೆ. ಮೂತ್ರಕೋಶದ ಸೋಂಕನ್ನು ಹುಡುಕುವ ಪರೀಕ್ಷೆ ಮೂತ್ರಪಿಂಡದ ಉರಿಯೂತದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕ್ಯಾನ್ಸರ್ ಕಣಗಳನ್ನು ಹುಡುಕುವ ದುಬಾರಿ ಪರೀಕ್ಷೆ ಕಲ್ಲಿನ ವಿಚಾರದಲ್ಲಿ ಮೌನವಾಗಿರುತ್ತದೆ. ಆದುದರಿಂದ ನಿಮ್ಮ ಪ್ರಶ್ನೆ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ಬಹುಪಾಲು ತಾನಾಗಿಯೇ ಆಗುತ್ತದೆ.

ಅಳೆಯುವುದು ಹೇಗೆ

ಪ್ರತಿ ಪರೀಕ್ಷೆಯನ್ನೂ ನಾನು ನಾಲ್ಕು ಅಂಶಗಳ ಮೇಲೆ ತೂಗಿ ನೋಡುತ್ತೇನೆ. ಮೊದಲನೆಯದು, ಅದು ಉತ್ತರಿಸುವ ಪ್ರಶ್ನೆ: ಇದು ನಿಜವಾಗಿ ರಕ್ತವೇ, ರಕ್ತವಾದರೆ ಮೂತ್ರಪಿಂಡದ ಸೋಸುವ ಭಾಗದಿಂದ ಬರುತ್ತಿದೆಯೇ ಅಥವಾ ಅಲ್ಲಿಂದ ಕೆಳಗಿನ ನಾಳ, ಕೋಶ, ಪ್ರಾಸ್ಟೇಟ್ ಮುಂತಾದ ಹಾದಿಯಿಂದ ಬರುತ್ತಿದೆಯೇ, ಸೋಂಕಿದೆಯೇ, ಗೆಡ್ಡೆಯ ಸುಳಿವಿದೆಯೇ? ಎರಡನೆಯದು, ಫಲಿತಾಂಶದ ತೂಕ. ‘ಇದೆ’ ಎಂದಾಗ ಎಷ್ಟು ನಂಬಬಹುದು, ‘ಇಲ್ಲ’ ಎಂದಾಗ ಎಷ್ಟು ನಂಬಬಹುದು ಎಂಬುವು ಎರಡು ಪ್ರತ್ಯೇಕ ಪ್ರಶ್ನೆಗಳು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮೂರನೆಯದು, ಮಾದರಿಯ ನಾಜೂಕು, ಅಂದರೆ ಮೂತ್ರವನ್ನು ಯಾವ ಹೊತ್ತಿನಲ್ಲಿ, ಹೇಗೆ ಹಿಡಿದು, ಎಷ್ಟು ಬೇಗ ತಲುಪಿಸಬೇಕು ಎಂಬುದು. ನಾಲ್ಕನೆಯದು ಸಮಯ ಮತ್ತು ಖರ್ಚು. ಇದರಲ್ಲಿ ಪರೀಕ್ಷೆಯ ಶುಲ್ಕದ ಜೊತೆಗೆ, ಅರೆಬರೆ ಫಲಿತಾಂಶದ ಬೆನ್ನುಹತ್ತಿ ಮುಂದೆ ಮಾಡಿಸಬೇಕಾಗುವ ಪರೀಕ್ಷೆಗಳ ಖರ್ಚೂ ಸೇರುತ್ತದೆ.

ತೂಗುವುದಕ್ಕೆ ಮುಂಚೆ ಇನ್ನೊಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕಣ್ಣಿಗೆ ಕಾಣುವ ರಕ್ತ ಮತ್ತು ವರದಿಯಲ್ಲಿ ಮಾತ್ರ ಕಾಣುವ ರಕ್ತ ಎರಡೂ ಒಂದೇ ತರದ ಸಮಸ್ಯೆಗಳಲ್ಲ. ಒಂದು ಲೀಟರ್ ಮೂತ್ರಕ್ಕೆ ಒಂದು ಮಿಲಿಲೀಟರ್ ರಕ್ತ ಬೆರೆತರೂ ಬಣ್ಣ ತಿರುಗುವುದರಿಂದ, ಕಡುಕೆಂಪು ಮೂತ್ರವನ್ನು ಕಂಡು ರಕ್ತವೆಲ್ಲ ಹರಿದುಹೋಯಿತೆಂದು ಗಾಬರಿಯಾಗಬೇಕಿಲ್ಲ. ಆದರೆ ವಯಸ್ಕರಲ್ಲಿ, ಅದರಲ್ಲೂ ನೋವಿಲ್ಲದೆ, ಕಣ್ಣಿಗೆ ಕಾಣುವಂತೆ ಒಮ್ಮೆ ರಕ್ತ ಹೋದರೂ ಅದು ಮೂತ್ರಪರೀಕ್ಷೆಯಿಂದ ಮಾತ್ರ ಬಗೆಹರಿಯುವ ವಿಷಯವಲ್ಲ. ಮರುದಿನ ಮೂತ್ರ ತಿಳಿಯಾಗಿ, ವರದಿ ಶುದ್ಧವಾಗಿ ಬಂದಿತೆಂಬುದು ಹಿಂದಿನ ದಿನದ ರಕ್ತವನ್ನು ರದ್ದುಪಡಿಸುವುದಿಲ್ಲ. ಮೂತ್ರಕೋಶದ ಗೆಡ್ಡೆಗಳು ಬಿಟ್ಟು ಬಿಟ್ಟು ರಕ್ತ ಸುರಿಸುವುದೇ ಹೆಚ್ಚು.

ಡಿಪ್‌ಸ್ಟಿಕ್: ಅಗ್ಗ, ಚುರುಕು, ಸ್ವಲ್ಪ ಅವಸರದ್ದು

ಬಣ್ಣದ ಚೌಕಗಳಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತೆಗೆದರೆ ಸುಮಾರು ಒಂದು ನಿಮಿಷದಲ್ಲಿ ರಕ್ತದ ಚೌಕ ಹಳದಿಯಿಂದ ಹಸಿರಿಗೆ ತಿರುಗುತ್ತದೆ. ಕಣಗಳು ಇಡಿಯಾಗಿ ಇದ್ದರೆ ಅಲ್ಲಲ್ಲಿ ಹಸಿರು ಚುಕ್ಕೆಗಳು ಮೂಡುತ್ತವೆ; ಕಣಗಳು ಒಡೆದು ಹಿಮೋಗ್ಲೋಬಿನ್ ಕರಗಿದ್ದರೆ ಚೌಕವಿಡೀ ಸಮನಾಗಿ ಹಸಿರಾಗುತ್ತದೆ. ಪಟ್ಟಿ ಗುರುತಿಸುವುದು ರಕ್ತಕಣವನ್ನಲ್ಲ, ಹಿಮೋಗ್ಲೋಬಿನ್ನಿನ ರಾಸಾಯನಿಕ ಗುಣವನ್ನು. ಸ್ನಾಯುಗಳು ತೀವ್ರವಾಗಿ ಹಾನಿಗೊಂಡಾಗ ಮೂತ್ರಕ್ಕೆ ಇಳಿಯುವ ಮಯೋಗ್ಲೋಬಿನ್‌ಗೂ ಅದೇ ಗುಣವಿರುವುದರಿಂದ, ಒಂದೇ ಒಂದು ರಕ್ತಕಣವಿಲ್ಲದಿದ್ದರೂ ಪಟ್ಟಿ ‘ರಕ್ತ, ಮೂರು ಪ್ಲಸ್’ ಎಂದು ತೋರಿಸಬಹುದು. ಬಾಟಲಿಯಲ್ಲಿ ಉಳಿದ ಬ್ಲೀಚಿನ ಅಂಶ, ಚರ್ಮಕ್ಕೆ ಹಚ್ಚಿದ ಅಯೋಡಿನ್ ದ್ರಾವಣ, ವೀರ್ಯದ ಅಂಶ ಇವೂ ಪಟ್ಟಿಯನ್ನು ಮೋಸಗೊಳಿಸುತ್ತವೆ. ವಿಟಮಿನ್ ಸಿ ಮಾತ್ರೆಗಳನ್ನು ಹೆಚ್ಚಾಗಿ ನುಂಗುವವರಲ್ಲಿ ಇದಕ್ಕೆ ವಿರುದ್ಧವಾಗಿ, ರಕ್ತವಿದ್ದರೂ ಚೌಕ ಹಳದಿಯಾಗಿಯೇ ಉಳಿಯಬಹುದು.

ಹೀಗಿದ್ದರೂ ಪಟ್ಟಿಯನ್ನು ಕಡೆಗಣಿಸಬೇಕಿಲ್ಲ. ಬೀಟ್‌ರೂಟ್ ತಿಂದಾಗ ಅಥವಾ ಕ್ಷಯದ ಔಷಧವಾದ ರಿಫಾಂಪಿಸಿನ್ ಸೇವಿಸಿದಾಗ ಮೂತ್ರ ಕೆಂಪಗೆ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅಂತಹ ವೇಳೆ ಪಟ್ಟಿ ನೆಗೆಟಿವ್ ಎಂದರೆ ಬಣ್ಣಕ್ಕೆ ರಕ್ತ ಕಾರಣವಲ್ಲವೆಂಬುದು ಬಹುಮಟ್ಟಿಗೆ ತಿಳಿದಂತೆಯೇ. ಅದೇ ಪಟ್ಟಿಯಲ್ಲಿರುವ, ಸೋಂಕಿನ ಸುಳಿವು ಕೊಡುವ ನೈಟ್ರೈಟ್ ಮತ್ತು ಬಿಳಿಕಣದ ಎಸ್ಟರೇಸ್ ಚೌಕಗಳು ಹಾಗೂ ಪ್ರೋಟೀನ್ ಚೌಕ ಮುಂದಿನ ದಾರಿಯ ಸುಳಿವನ್ನು ಒಂದೇ ನಿಮಿಷದಲ್ಲಿ ಕೊಡುತ್ತವೆ. ‘ಇಲ್ಲ’ ಎಂಬುದನ್ನು ತಿಳಿಯಲು ಪಟ್ಟಿ ಒಳ್ಳೆಯದು. ‘ಇದೆ’ ಎಂಬುದನ್ನು ಖಚಿತಪಡಿಸಲು ಅದು ಸಾಲದು. ಅಮೆರಿಕನ್ ಯುರಾಲಜಿಕಲ್ ಅಸೋಸಿಯೇಷನ್ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಪಟ್ಟಿಯ ಮೇಲಿನ ಬಣ್ಣವನ್ನು ಆಧರಿಸಿ ಯಾರಿಗೂ ಮೂತ್ರದಲ್ಲಿ ರಕ್ತವಿದೆಯೆಂಬ ಹಣೆಪಟ್ಟಿ ಹಚ್ಚಬಾರದು, ಸೂಕ್ಷ್ಮದರ್ಶಕದ ಒಂದು ಹೈ-ಪವರ್ ಕ್ಷೇತ್ರದಲ್ಲಿ (ಹೆಚ್ಚು ಹಿಗ್ಗಿಸಿ ನೋಡುವಾಗ ಒಮ್ಮೆಗೆ ಕಾಣುವ ಭಾಗದಲ್ಲಿ) 3 ಅಥವಾ ಅದಕ್ಕಿಂತ ಹೆಚ್ಚು ಕೆಂಪು ರಕ್ತಕಣಗಳು ಕಂಡರೆ ಮಾತ್ರ ಹಾಗೆನ್ನಬೇಕು.

ಸೂಕ್ಷ್ಮದರ್ಶಕ: ಹೆಚ್ಚು ಹೇಳುವ, ಕಡಿಮೆ ಗೌರವ ಪಡೆಯುವ ಪರೀಕ್ಷೆ

ಈ ಎಲ್ಲ ಪರೀಕ್ಷೆಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಹಿಂಜರಿಯದೆ ಆರಿಸುವುದು, ತಾಜಾ ಮೂತ್ರವನ್ನು ಅನುಭವಿಗಳ ಕಣ್ಣಿನಿಂದ ನೋಡಿಸುವ ಮೈಕ್ರೋಸ್ಕೋಪಿಯನ್ನು. ಖರ್ಚು ಕಡಿಮೆ, ಫಲಿತಾಂಶ ಅದೇ ದಿನ, ಆದರೆ ಅದು ಕೊಡುವ ಮಾಹಿತಿಯನ್ನು ಬೇರೆ ಯಾವ ಮೂತ್ರಪರೀಕ್ಷೆಯೂ ಕೊಡುವುದಿಲ್ಲ.

ಹತ್ತು ಮಿಲಿಲೀಟರಿನಷ್ಟು ಮೂತ್ರವನ್ನು ಕೊಳವೆಗೆ ಹಾಕಿ ಐದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳದಲ್ಲಿ ಗುಂಡುಸೂಜಿಯ ತಲೆಯಷ್ಟು ಗಸಿ ಕೂರುತ್ತದೆ. ಮೇಲಿನ ದ್ರವವನ್ನು ಚೆಲ್ಲಿ, ಉಳಿದ ತೇವದಲ್ಲಿ ಗಸಿಯನ್ನು ಮೆಲ್ಲಗೆ ಕದಡಿ, ಒಂದು ತೊಟ್ಟನ್ನು ಗಾಜಿನ ಮೇಲಿಟ್ಟು, ಬೆಳಕನ್ನು ತಗ್ಗಿಸಿ ನೋಡಬೇಕು. ಮೂತ್ರಕೋಶದಿಂದಲೋ ಕಲ್ಲು ಗೀರಿದ ನಾಳದಿಂದಲೋ ಬಂದ ರಕ್ತಕಣಗಳು ಒಂದೇ ಅಚ್ಚಿನಲ್ಲಿ ಒತ್ತಿದಂತೆ ದುಂಡಗಿರುತ್ತವೆ. ಮೂತ್ರಪಿಂಡದ ಸೋಸುಜಾಲದ ಬಿರುಕಿನಲ್ಲಿ ನುಸುಳಿ ಬಂದ ಕಣಗಳು ಹಾಗಿರುವುದಿಲ್ಲ. ಸೊಟ್ಟಗಾಗಿ, ತೂತುಬಿದ್ದು, ಒಂದರಂತೆ ಇನ್ನೊಂದಿಲ್ಲದೆ ಇರುತ್ತವೆ. ಅವುಗಳ ನಡುವೆ ಬಳೆಯ ಹೊರ ಅಂಚಿಗೆ ಮಣಿ ಅಂಟಿಸಿದ ಹಾಗೆ ಗುಬುಟುಗಳಿರುವ ಕಣಗಳು ಕಾಣುತ್ತವೆ. ಇವುಗಳನ್ನು ಅಕ್ಯಾಂಥೊಸೈಟ್ ಎನ್ನುತ್ತಾರೆ; ಒಟ್ಟು ಕೆಂಪುಕಣಗಳಲ್ಲಿ ಇವು ನೂರಕ್ಕೆ 5ರಷ್ಟಿದ್ದರೂ ರಕ್ತ ಸೋಸುಜಾಲದಿಂದ ಬರುತ್ತಿದೆ ಎಂಬ ಅನುಮಾನ ಬಲವಾಗುತ್ತದೆ.

ಇದಕ್ಕಿಂತಲೂ ಬಲವಾದ ಸಾಕ್ಷಿ ಎಂದರೆ ಕೆಂಪುಕಣಗಳ ಎರಕ, ಲ್ಯಾಬಿನ ಮಾತಿನಲ್ಲಿ ಆರ್‌ಬಿಸಿ ಕಾಸ್ಟ್. ಮೂತ್ರಪಿಂಡದ ಸೂಕ್ಷ್ಮ ನಳಿಕೆಗಳಲ್ಲಿ ಪ್ರೋಟೀನು ಗಟ್ಟಿಯಾಗುವಾಗ ಅಲ್ಲಿದ್ದ ರಕ್ತಕಣಗಳೂ ಅದರೊಳಗೆ ಸಿಕ್ಕಿ, ನಳಿಕೆಯ ಆಕಾರದಲ್ಲಿಯೇ ಹೊರಬೀಳುತ್ತವೆ. ನಳಿಕೆಯ ಅಚ್ಚು ಮೂತ್ರಕೋಶದಲ್ಲಿ ಸಿಗಲಾರದು. ಆದ್ದರಿಂದ ಒಂದೇ ಒಂದು ನಿಜವಾದ ಎರಕ ಕಂಡರೂ ಚೀಟಿ ಯುರಾಲಜಿಸ್ಟರ (ಮೂತ್ರಾಂಗಗಳ ಶಸ್ತ್ರವೈದ್ಯರ) ಬದಲು ನೆಫ್ರಾಲಜಿಸ್ಟರ (ಮೂತ್ರಪಿಂಡದ ಕಾಯಿಲೆಗಳ ತಜ್ಞರ) ಕಡೆಗೆ ತಿರುಗುತ್ತದೆ. ಆದರೆ ಎರಕ ಕಾಣಲಿಲ್ಲವೆಂದ ಮಾತ್ರಕ್ಕೆ ಮೂತ್ರಪಿಂಡ ಚೆನ್ನಾಗಿದೆ ಎನ್ನುವಂತಿಲ್ಲ. ಎರಕಗಳು ವಿರಳ ಮತ್ತು ಮೃದು. ಜೋರಾಗಿ ತಿರುಗಿಸಿದರೂ, ತಡಮಾಡಿದರೂ ಪುಡಿಯಾಗುತ್ತವೆ.

ಈ ಪರೀಕ್ಷೆಯ ದೌರ್ಬಲ್ಯ ಗಡಿಯಾರದಲ್ಲಿದೆ. ಒಮ್ಮೆ ಸಂಜೆಯ ಹೊತ್ತಿಗೆ ಕೈಸೇರಿದ ಮಾದರಿಯೊಂದರಲ್ಲಿ ಪಟ್ಟಿ ಕಡುಹಸಿರಾಗಿತ್ತು, ಗಾಜಿನ ಮೇಲೆ ಮಾತ್ರ ಒಂದು ಕಣವೂ ಇರಲಿಲ್ಲ. ಸ್ನಾಯುವಿನ ತೊಂದರೆಯೇ ಇರಬೇಕೆಂದು ವರದಿ ಬರೆಯುವ ಮುನ್ನ ವಿಚಾರಿಸಿದಾಗ, ಬಾಟಲಿ ಬೆಳಗಿನಿಂದ ಮೇಜಿನ ಮೇಲೆಯೇ ಇದ್ದದ್ದು ತಿಳಿಯಿತು. ಹೊಸ ಮಾದರಿಯನ್ನು ತರಿಸಿ ಕೂಡಲೇ ನೋಡಿದರೆ ಕ್ಷೇತ್ರದ ತುಂಬ ಕೆಂಪುಕಣಗಳಿದ್ದವು. ತೀರ ತೆಳುವಾದ ಅಥವಾ ಕ್ಷಾರೀಯವಾದ ಮೂತ್ರದಲ್ಲಿ ಕಣಗಳು ಬೇಗನೆ ಒಡೆಯುತ್ತವೆ. ಅದಕ್ಕಾಗಿಯೇ ಮಾದರಿಯನ್ನು ಎರಡು ಗಂಟೆಯೊಳಗೆ ನೋಡಬೇಕೆಂಬ ನಿಯಮವಿದೆ; ಅದಕ್ಕಾಗಿಯೇ, ಮನೆಯಿಂದ ಬಾಟಲಿಯಲ್ಲಿ ತರುವುದಕ್ಕಿಂತ ಲ್ಯಾಬಿನಲ್ಲಿಯೇ ಕೊಡುವುದು ಮೇಲು. ನೋಡುವವರ ಕೈಚಳಕವೂ ಲೆಕ್ಕಕ್ಕೆ ಬರುತ್ತದೆ: ಯೀಸ್ಟ್, ಗಾಳಿಗುಳ್ಳೆ, ದುಂಡಗಿನ ಆಕ್ಸಲೇಟ್ ಹರಳು ಇವೆಲ್ಲ ಅವಸರದ ಕಣ್ಣಿಗೆ ರಕ್ತಕಣಗಳೇ. ಯಂತ್ರಗಳು ಎಣಿಕೆಯನ್ನು ಚೆನ್ನಾಗಿ ಮಾಡುತ್ತವೆಯಾದರೂ ಸೊಟ್ಟ ಕಣ ಮತ್ತು ಎರಕಗಳ ವಿಷಯದಲ್ಲಿ ಮನುಷ್ಯರ ಕಣ್ಣನ್ನು ಬಿಟ್ಟುಕೊಡುವಂತಿಲ್ಲ. ಆದ್ದರಿಂದ ಚೀಟಿಯಲ್ಲಿ ‘ರೂಟೀನ್’ ಎಂದಷ್ಟೇ ಇದ್ದರೆ, ಕೆಂಪುಕಣಗಳ ಆಕಾರವನ್ನೂ ಎರಕಗಳನ್ನೂ ನೋಡಿ ವರದಿಯಲ್ಲಿ ನಮೂದಿಸಬೇಕೆಂದು ವೈದ್ಯರಿಂದ ಬರೆಯಿಸಿಕೊಳ್ಳಿ. ಖರ್ಚಿನಲ್ಲಿ ವ್ಯತ್ಯಾಸ ಅತ್ಯಲ್ಪ, ಸಿಗುವ ಉತ್ತರದಲ್ಲಿ ಬಹಳ.

ಹರಳುಗಳ ಬಗ್ಗೆ ಒಂದು ಮಾತು. ವರದಿಯಲ್ಲಿ ಆಕ್ಸಲೇಟ್ ಹರಳು ಎಂದಿದ್ದರೆ ಕಲ್ಲಿದೆ ಎಂದರ್ಥವಲ್ಲ. ಆರೋಗ್ಯವಂತರ ಮೂತ್ರದಲ್ಲಿಯೂ, ಅದು ತಣ್ಣಗಾದಾಗ, ಹರಳುಗಳು ಮೂಡುತ್ತವೆ. ಷಟ್ಕೋನದ ಸಿಸ್ಟೀನ್ ಹರಳು ಮಾತ್ರ ಎಲ್ಲಿ ಕಂಡರೂ ಅಸಹಜವೇ.

ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ

ಸೂಕ್ಷ್ಮದರ್ಶಕದ ಸುಳಿವಿಗೆ ಅಂಕಿಯ ಬಲ ಕೊಡುವುದು ಈ ಪರೀಕ್ಷೆ. ಸೋಸುಜಾಲ ಹರಿದಾಗ ರಕ್ತಕಣದ ಜೊತೆಗೆ ಪ್ರೋಟೀನೂ ಸೋರುತ್ತದೆ. ಕೆಳಗಿನ ಹಾದಿಯ ರಕ್ತಸ್ರಾವದಲ್ಲಿ ಅಷ್ಟಾಗಿ ಸೋರುವುದಿಲ್ಲ. ದಿನವಿಡೀ ಹೊರಹೋಗುವ ಪ್ರೋಟೀನು ಸಾಮಾನ್ಯವಾಗಿ 150 ಮಿಲಿಗ್ರಾಂ ದಾಟಬಾರದು. ಹಿಂದೆ ಇದನ್ನು ತಿಳಿಯಲು 24 ಗಂಟೆಯ ಮೂತ್ರವನ್ನು ದೊಡ್ಡ ಕ್ಯಾನಿನಲ್ಲಿ ಕೂಡಿಡಬೇಕಿತ್ತು. ಈಗ ಒಂದೇ ಬಾರಿಯ ಮೂತ್ರದಲ್ಲಿ ಪ್ರೋಟೀನನ್ನೂ ಕ್ರಿಯಾಟಿನಿನ್ನನ್ನೂ (ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೊರಹೋಗುವ ತ್ಯಾಜ್ಯ) ಅಳೆದು ಭಾಗಿಸುತ್ತಾರೆ. ಮೂತ್ರ ತೆಳುವಾಗಿದ್ದರೂ ಗಟ್ಟಿಯಾಗಿದ್ದರೂ ಎರಡೂ ಒಟ್ಟಿಗೇ ಏರಿಳಿಯುವುದರಿಂದ ಅನುಪಾತ ಕೆಡುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಇಷ್ಟು ಮಿಲಿಗ್ರಾಂ ಪ್ರೋಟೀನು ಎಂದು ಬರುವ ಅಂಕಿ, ದಿನದ ಸೋರಿಕೆಗೆ ಸರಿಸುಮಾರು ಸಮವೆಂದು ಓದಿಕೊಳ್ಳಬಹುದು. 500 ದಾಟಿದರೆ ನೆಫ್ರಾಲಜಿಸ್ಟರ ಬಾಗಿಲು ತಟ್ಟಲು ತಡಮಾಡಬಾರದು. ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ಇದರ ಸೂಕ್ಷ್ಮ ರೂಪ: ಅಲ್ಲಿ 30 ಮಿಲಿಗ್ರಾಂ ದಾಟಿದರೇ ಅಸಹಜ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರಿಗೆ ಅದು ಹೆಚ್ಚು ಉಪಯುಕ್ತ.

ಈ ಪರೀಕ್ಷೆಯಲ್ಲಿಯೂ ಎಡವಟ್ಟಿಗೆ ಅವಕಾಶವಿದೆ. ಮೂತ್ರ ಕಣ್ಣಿಗೆ ಕಾಣುವಷ್ಟು ಕೆಂಪಗಿರುವಾಗ ರಕ್ತದಲ್ಲಿರುವ ಪ್ರೋಟೀನೇ ಅಂಕಿಯನ್ನು ಏರಿಸುತ್ತದೆ. ಜ್ವರ, ಸೋಂಕು, ಕಠಿಣ ವ್ಯಾಯಾಮಗಳೂ ತಾತ್ಕಾಲಿಕವಾಗಿ ಏರಿಸುತ್ತವೆ. ಆದ್ದರಿಂದ ಇದಕ್ಕೆ ಬೆಳಗಿನ ಮೊದಲ ಮೂತ್ರ ಉತ್ತಮ, ಮತ್ತು ಏರಿದ ಅಂಕಿಯನ್ನು ಇನ್ನೊಮ್ಮೆ ನೋಡದೆ ನಿರ್ಧಾರಕ್ಕೆ ಬರುವುದು ಉಚಿತವಲ್ಲ.

ಕಲ್ಚರ್: ಸೋಂಕಿಗೆ ಉತ್ತರ, ಆದರೆ ಅಲ್ಲಿಗೇ ನಿಲ್ಲಬಾರದು

ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಕೆಳಹೊಟ್ಟೆಯ ನೋವು ಇವುಗಳ ಜೊತೆ ರಕ್ತ ಬಂದರೆ ಮೊದಲು ಅನುಮಾನಿಸಬೇಕಾದದ್ದು ಸೋಂಕನ್ನೇ. ಪಟ್ಟಿಯ ನೈಟ್ರೈಟ್ ಚೌಕ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬ್ಯಾಕ್ಟೀರಿಯಾ ಇರುವುದು ಬಹುತೇಕ ನಿಶ್ಚಿತ. ತಿರುಗದಿದ್ದರೆ ಇಲ್ಲವೆಂದು ಹೇಳಲಾಗದು, ಏಕೆಂದರೆ ನೈಟ್ರೈಟ್ ಉಂಟಾಗಲು ಮೂತ್ರ ಕೋಶದಲ್ಲಿ ಕೆಲವು ಗಂಟೆ ನಿಂತಿರಬೇಕು, ಮತ್ತು ಎಂಟೆರೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುವುದೇ ಇಲ್ಲ. ಖಚಿತ ಉತ್ತರ ಬೇಕೆಂದರೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಅದು ಒಂದೆರಡು ದಿನ ತೆಗೆದುಕೊಳ್ಳುತ್ತದೆ, ಪಟ್ಟಿಗಿಂತ ದುಬಾರಿ, ಆದರೆ ಯಾವ ರೋಗಾಣು ಮತ್ತು ಅದು ಯಾವ ಔಷಧಕ್ಕೆ ಮಣಿಯುತ್ತದೆ ಎಂಬೆರಡನ್ನೂ ಹೇಳುತ್ತದೆ.

ಪ್ರತಿ ಮಿಲಿಲೀಟರಿಗೆ ಬ್ಯಾಕ್ಟೀರಿಯಾದ 1,00,000 ವಸಾಹತುಗಳು (ಕಾಲೊನಿಗಳು) ಎಂಬ ಪ್ರಸಿದ್ಧ ಗಡಿಯನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಬಾರದು. ಉರಿ ಮತ್ತು ನೋವು ಸ್ಪಷ್ಟವಾಗಿರುವ ಮಹಿಳೆಯರಲ್ಲಿ ಅದಕ್ಕಿಂತ ಬಹಳ ಕಡಿಮೆ ಸಂಖ್ಯೆಯೂ ಸೋಂಕೇ ಆಗಿರಬಹುದು. ಮೂರು-ನಾಲ್ಕು ಬಗೆಯ ಬ್ಯಾಕ್ಟೀರಿಯಾಗಳು ಒಟ್ಟಿಗೆ ಬೆಳೆದಿದ್ದರೆ ಅದು ಬಹುಪಾಲು ಚರ್ಮದಿಂದ ಬೆರೆತ ಕಲ್ಮಶ. ಮಾದರಿ ಕೊಡುವ ಮುನ್ನವೇ ಆಂಟಿಬಯಾಟಿಕ್ ನುಂಗಿದ್ದರೆ ಏನೂ ಬೆಳೆಯದಿರಬಹುದು; ಆಗ ಹಣವೂ ಹೋಯಿತು, ಮಾಹಿತಿಯೂ ಹೋಯಿತು. ಎರಡು ದಿನ ಕಾಯಲಾಗದಷ್ಟು ತೊಂದರೆಯಿದ್ದರೆ ಮಾದರಿ ಕೊಟ್ಟು, ಅನಂತರ ಮೊದಲ ಮಾತ್ರೆ ನುಂಗಿ.

ಈ ವಿಷಯದಲ್ಲಿ ನನಗೊಂದು ಅಸಮಾಧಾನವಿದೆ. ರಕ್ತ ಕಂಡಾಗಲೆಲ್ಲ ಕಲ್ಚರ್ ಮಾಡಿಸದೆಯೇ ಸೋಂಕೆಂದು ಭಾವಿಸಿ ಆಂಟಿಬಯಾಟಿಕ್ ಕೊಡುವ, ಕೆಂಪು ಹೋಯಿತೆಂದು ಕಡತ ಮುಚ್ಚುವ ರೂಢಿ, ಅದರಲ್ಲೂ ಮಹಿಳೆಯರ ವಿಷಯದಲ್ಲಿ, ಬಹಳ ಕಡೆ ಇದೆ. ಮಹಿಳೆಯರಲ್ಲಿ ಮೂತ್ರಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಕಾರಣ. ಸೋಂಕು ದೃಢಪಟ್ಟು ಚಿಕಿತ್ಸೆ ಮುಗಿದ ಮೇಲೆ ಮೂತ್ರವನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಕೆಂಪುಕಣಗಳು ಹೋಗಿವೆ ಎಂದು ಖಚಿತಪಡಿಸಿಕೊಳ್ಳುವವರೆಗೆ ಕಲ್ಚರಿನ ಕೆಲಸ ಮುಗಿದಂತಲ್ಲ.

ಬಿಳಿಕಣಗಳು ಧಾರಾಳವಾಗಿದ್ದು ಸಾಮಾನ್ಯ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೆ ಮೂತ್ರಾಂಗಗಳ ಕ್ಷಯವನ್ನು ನೆನಪಿಸಿಕೊಳ್ಳಬೇಕು. ಅದಕ್ಕೆ ಸತತವಾಗಿ ಕನಿಷ್ಠ ಮೂರು ದಿನಗಳ ಬೆಳಗಿನ ಮೂತ್ರ ಬೇಕು. ಕ್ಷಯದ ಕಲ್ಚರ್ ವಾರಗಟ್ಟಲೆ ಹಿಡಿಯುತ್ತದೆ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಉತ್ತರ ಕೊಡುತ್ತದೆ. ವೇಗಕ್ಕೆ ಪಿಸಿಆರ್, ಔಷಧಗಳ ಪೂರ್ಣ ಚಿತ್ರಕ್ಕೆ ಕಲ್ಚರ್. ಅನುಮಾನ ಬಲವಾಗಿದ್ದರೆ ಎರಡನ್ನೂ ಮಾಡಿಸುವುದೇ ಸರಿ. ಆಫ್ರಿಕಾ ಅಥವಾ ಮಧ್ಯಪ್ರಾಚ್ಯದ ಸಿಹಿನೀರಿನ ಕೆರೆ-ನದಿಗಳಲ್ಲಿ ಇಳಿದವರಿಗೆ ಶಿಸ್ಟೊಸೋಮಾ ಎಂಬ ಪರಾವಲಂಬಿಯ ಮೊಟ್ಟೆಗಳಿಗಾಗಿ ಮೂತ್ರವನ್ನು ನೋಡಿಸಬೇಕಾಗಬಹುದು. ಅದಕ್ಕೆ ಬೆಳಗಿನ ಮೂತ್ರವಲ್ಲ, ಹಗಲು 10ರಿಂದ ಮಧ್ಯಾಹ್ನ 2 ಗಂಟೆಯ ನಡುವಿನ ಮೂತ್ರ ಬೇಕು.

ಸೈಟಾಲಜಿ ಮತ್ತು ಗೆಡ್ಡೆಯ ಗುರುತು ಪರೀಕ್ಷೆಗಳು

ಮೂತ್ರದಲ್ಲಿ ಉದುರಿದ ಜೀವಕೋಶಗಳಿಗೆ ಬಣ್ಣ ಹಾಕಿ ಕ್ಯಾನ್ಸರ್ ಲಕ್ಷಣ ಹುಡುಕುವ ವಿಧಾನವನ್ನು ಪಾಪಾನಿಕೊಲಾವ್ ಮತ್ತು ಮಾರ್ಷಲ್ 1945ರಲ್ಲಿ ವಿವರಿಸಿದರು. ಇಂದಿಗೂ ಅದೇ ತತ್ತ್ವ ಉಳಿದಿದೆ. ಇದರ ಗುಣಾವಗುಣಗಳೆರಡೂ ಒಂದೇ ಕಾರಣದಿಂದ ಹುಟ್ಟಿವೆ. ಉಗ್ರ ಸ್ವಭಾವದ ಗೆಡ್ಡೆಯ ಜೀವಕೋಶಗಳು ನೋಡಲು ವಿಕಾರವಾಗಿರುತ್ತವೆ, ಸುಲಭವಾಗಿ ಉದುರುತ್ತವೆ, ಆದುದರಿಂದ ಸಿಕ್ಕಿಬೀಳುತ್ತವೆ. ಸೌಮ್ಯ ಸ್ವಭಾವದ ಗೆಡ್ಡೆಯ ಜೀವಕೋಶಗಳು ಸಾಮಾನ್ಯ ಜೀವಕೋಶಗಳಂತೆಯೇ ಕಾಣುವುದರಿಂದ ತಪ್ಪಿಸಿಕೊಳ್ಳುತ್ತವೆ. ಹೀಗಾಗಿ ‘ಪಾಸಿಟಿವ್’ ಎಂಬ ವರದಿಗೆ ತುಂಬ ತೂಕವಿದೆ, ಸಿಸ್ಟೋಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ಕ್ಯಾಮೆರಾ ಕಳಿಸಿ ನೋಡಿದಾಗ) ಏನೂ ಕಾಣದಿದ್ದರೂ ಹುಡುಕಾಟ ನಿಲ್ಲಿಸಬಾರದಷ್ಟು. ‘ನೆಗೆಟಿವ್’ ಎಂಬ ವರದಿ ಮಾತ್ರ ಯಾರಿಗೂ ನಿಶ್ಚಿಂತೆ ಕೊಡುವಂಥದ್ದಲ್ಲ. ಇವೆರಡರ ನಡುವೆ ‘ಅಸಹಜ, ಆದರೆ ನಿಶ್ಚಿತವಲ್ಲ’ ಎಂಬ ವರದಿಯೂ ಬರುವುದುಂಟು. ಕಲ್ಲು, ಸೋಂಕು, ಕೊಳವೆ ಹಾಕಿದ್ದು ಇವೆಲ್ಲ ಜೀವಕೋಶಗಳನ್ನು ಹಾಗೆ ಕೆರಳಿಸಬಲ್ಲವು.

ಮಾದರಿಯ ವಿಷಯದಲ್ಲಿ ಇದು ಇತರ ಪರೀಕ್ಷೆಗಳಿಗೆ ವಿರುದ್ಧ. ಬೆಳಗಿನ ಮೊದಲ ಮೂತ್ರದಲ್ಲಿ ರಾತ್ರಿಯಿಡೀ ನೆನೆದ ಜೀವಕೋಶಗಳು ಹಾಳಾಗಿರುತ್ತವೆ. ಎರಡನೆಯ ಬಾರಿಯ ತಾಜಾ ಮೂತ್ರವೇ ಬೇಕು. ಒಂದೇ ಬೆಳಗಿನ ಬಾಟಲಿಯಿಂದ ಎಲ್ಲ ಪರೀಕ್ಷೆಗಳನ್ನೂ ಮಾಡಿಸಿಬಿಡುವ ಯೋಚನೆ ಇಲ್ಲಿಯೇ ಮುರಿದುಬೀಳುತ್ತದೆ.

ಎನ್‌ಎಂಪಿ22, ಯೂರೋವಿಷನ್ ಮುಂತಾದ ಹೊಸ ಗುರುತು ಪರೀಕ್ಷೆಗಳು ಪ್ರೋಟೀನನ್ನೋ ವರ್ಣತಂತುಗಳ ಬದಲಾವಣೆಯನ್ನೋ ಹುಡುಕುತ್ತವೆ. ಇವು ಸೈಟಾಲಜಿಗಿಂತ ಹೆಚ್ಚು ಗೆಡ್ಡೆಗಳನ್ನು ಹಿಡಿಯಬಲ್ಲವಾದರೂ ಸುಳ್ಳು ಎಚ್ಚರಿಕೆಗಳನ್ನೂ ಹೆಚ್ಚಾಗಿ ಕೊಡಬಹುದು, ಖರ್ಚಂತೂ ಹೆಚ್ಚು. 2020ರ ಅದೇ ಮಾರ್ಗಸೂಚಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ರಕ್ತ ಕಂಡವರ ಮೊದಲ ತಪಾಸಣೆಯಲ್ಲಿ ಸೈಟಾಲಜಿಯನ್ನಾಗಲಿ ಈ ಪರೀಕ್ಷೆಗಳನ್ನಾಗಲಿ ಸಿಸ್ಟೋಸ್ಕೋಪಿಯ ಅಗತ್ಯವನ್ನು ತೀರ್ಮಾನಿಸಲು ಬಳಸಬಾರದೆಂದಿತ್ತು. 2025ರ ತಿದ್ದುಪಡಿ, ಕ್ಯಾನ್ಸರಿನ ಮಧ್ಯಮ ಅಪಾಯದ ಗುಂಪಿನವರಿಗೆ ಮಾತ್ರ, ಸಾಧಕಬಾಧಕಗಳನ್ನು ವಿವರಿಸಿದ ಮೇಲೆ, ಆ ಅವಕಾಶವನ್ನು ಸ್ವಲ್ಪ ತೆರೆದಿದೆ. ಆದ್ದರಿಂದ ಮೂತ್ರಕೋಶದೊಳಗೆ ಕ್ಯಾಮೆರಾ ಕಳಿಸುವುದೆಂದರೆ ಭಯಪಡುವವರು ಈ ಪರೀಕ್ಷೆಯ ಬಗ್ಗೆ ವೈದ್ಯರೊಂದಿಗೆ ಮಾತನಾಡಬಹುದು. ಕಣ್ಣಿಗೆ ಕಾಣುವ ರಕ್ತ ಹೋದವರಿಗೆ, ದೀರ್ಘಕಾಲ ಧೂಮಪಾನ ಮಾಡಿದವರಿಗೆ ಮಾತ್ರ ಇದು ಸಿಸ್ಟೋಸ್ಕೋಪಿಗೆ ಬದಲಿಯಾಗದು.

24 ಗಂಟೆಯ ಮೂತ್ರ

ಕಲ್ಲು ಇದೆಯೆಂದು ಗೊತ್ತಾದ ಮೇಲೆ ಅದು ಏಕೆ ಮರಳಿ ಮರಳಿ ಬರುತ್ತಿದೆ ಎಂದು ತಿಳಿಯಲು ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ, ಸಿಟ್ರೇಟ್‌ಗಳ ಲೆಕ್ಕಕ್ಕೆ ಇದು ಬೇಕು. ಕಲ್ಲು ಇದೆಯೇ ಎಂದು ತಿಳಿಯಲು ಇದು ನಿರುಪಯುಕ್ತ, ಅದಕ್ಕೆ ಸ್ಕ್ಯಾನಿಂಗೇ ಬೇಕು. ಒಂದು ಬಾರಿಯ ಮೂತ್ರವನ್ನು ಕೂಡಿಡಲು ಮರೆತರೂ ಲೆಕ್ಕ ತಪ್ಪುವುದರಿಂದ, ಮನೆಯಲ್ಲಿಯೇ ಇರುವ ದಿನವನ್ನು ಆರಿಸಿಕೊಳ್ಳಿ. ಮಕ್ಕಳಲ್ಲಿ ಮೂತ್ರದ ಹೆಚ್ಚಿನ ಕ್ಯಾಲ್ಸಿಯಂ ಕಲ್ಲಿಲ್ಲದೆಯೂ ರಕ್ತಕ್ಕೆ ಕಾರಣವಾಗಬಹುದು. ಅವರಿಗೆ ಒಂದೇ ಬಾರಿಯ ಮೂತ್ರದ ಕ್ಯಾಲ್ಸಿಯಂ–ಕ್ರಿಯಾಟಿನಿನ್ ಅನುಪಾತದಿಂದ ಆರಂಭಿಸುವುದು ಸುಲಭ.

ಯಾರಿಗೆ ಯಾವುದು

ಖರ್ಚಿನ ಚಿಂತೆ ಹೆಚ್ಚಾಗಿರುವವರು, ಆರೋಗ್ಯ ತಪಾಸಣೆಯ ಡಿಪ್‌ಸ್ಟಿಕ್ ಪಟ್ಟಿಯಲ್ಲಿ ಮಾತ್ರ ರಕ್ತ ಕಂಡು ಬೇರಾವ ತೊಂದರೆಯೂ ಇಲ್ಲದವರು, ತಾಜಾ ಮೂತ್ರದ ಮೈಕ್ರೋಸ್ಕೋಪಿ ಒಂದನ್ನು ಸರಿಯಾಗಿ ಮಾಡಿಸಿದರೆ ಸಾಕು. ಮುಟ್ಟಿನ ದಿನಗಳನ್ನು ಬಿಟ್ಟು, ಓಟ ಅಥವಾ ಭಾರಿ ವ್ಯಾಯಾಮ ನಿಲ್ಲಿಸಿ ಎರಡು-ಮೂರು ದಿನಗಳಾದ ಮೇಲೆ ಮಾದರಿ ಕೊಡಬೇಕು. ಅಲ್ಲಿ ಕಣಗಳಿಲ್ಲದಿದ್ದರೆ ದುಬಾರಿ ಪರೀಕ್ಷೆಗಳ ಸಾಲನ್ನೇ ಉಳಿಸಿದಂತಾಯಿತು.

ಮೂತ್ರ ಕೋಲಾ ಅಥವಾ ಚಹಾದ ಬಣ್ಣಕ್ಕಿದ್ದು, ಹೆಪ್ಪುಗಳಿಲ್ಲದೆ, ಮುಖ ಅಥವಾ ಕಾಲು ಊದಿಕೊಂಡಿದ್ದರೆ, ರಕ್ತದೊತ್ತಡ ಏರಿದ್ದರೆ, ಮೈಕ್ರೋಸ್ಕೋಪಿಯ ಜೊತೆಗೆ ಪ್ರೋಟೀನ್ ಅನುಪಾತವನ್ನೂ ರಕ್ತದ ಕ್ರಿಯಾಟಿನಿನ್ನನ್ನೂ ಒಂದೇ ದಿನ ಮಾಡಿಸುವುದು ಒಳ್ಳೆಯದು. ಗಂಟಲುನೋವಿನ ಇತಿಹಾಸ ಇಲ್ಲಿ ಪರೀಕ್ಷೆಯಷ್ಟೇ ಬೆಲೆಯುಳ್ಳದ್ದು: ನೋವು ಬಂದ ಒಂದೆರಡು ದಿನಗಳಲ್ಲೇ ಮೂತ್ರ ಕೆಂಪಾದರೆ ಐಜಿಎ ನೆಫ್ರೋಪತಿ ಎಂಬ ಮೂತ್ರಪಿಂಡದ ಸೋಸುಜಾಲದ ಕಾಯಿಲೆಯ ಕಡೆಗೆ, ಒಂದೆರಡು ವಾರ ಬಿಟ್ಟು ಕೆಂಪಾದರೆ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರದ ಉರಿಯೂತದ ಕಡೆಗೆ ಅನುಮಾನ ವಾಲುತ್ತದೆ.

ಕೆಂಪು ಮೂತ್ರ, ಹೆಪ್ಪುಗಳು, ನೋವಿಲ್ಲ, ವಯಸ್ಸು ಮಧ್ಯವಯಸ್ಸನ್ನು ದಾಟಿದೆ ಅಥವಾ ಧೂಮಪಾನದ ಅಭ್ಯಾಸವಿದೆ ಎಂದಾದರೆ ಹಣವನ್ನು ಮೂತ್ರಪರೀಕ್ಷೆಗಳ ಮೇಲೆ ಹಂಚಿಹಾಕದೆ ಸಿಸ್ಟೋಸ್ಕೋಪಿ ಮತ್ತು ಸ್ಕ್ಯಾನಿಂಗಿಗೆ ಕಾದಿಡಿ. ಮೂತ್ರದ ವಿಷಯದಲ್ಲಿ ಸೋಂಕಿಲ್ಲವೆಂದು ತಿಳಿಯಲು ಕಲ್ಚರ್ ಒಂದು ಸಾಕು, ಸೈಟಾಲಜಿ ಬೇಕೇ ಬೇಡವೇ ಎಂಬುದನ್ನು ಯುರಾಲಜಿಸ್ಟರೇ ಹೇಳಲಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದೇನೆ, ಅದಕ್ಕೇ ರಕ್ತ ಬಂದಿರಬೇಕು ಎಂದು ಸುಮ್ಮನಾಗುವುದೂ ತಪ್ಪು. ಮಾತ್ರೆ ರಕ್ತವನ್ನು ಹೊರಗೆಡಹಬಹುದು, ಮೂಲ ಬೇರೆಯೇ ಇರಬಹುದು, ಆದುದರಿಂದ ಅವರಿಗೂ ಇತರರಷ್ಟೇ ತಪಾಸಣೆ ಬೇಕು. ರಕ್ತ ಧಾರೆಯ ಆರಂಭದಲ್ಲಿ ಬರುತ್ತದೆಯೇ, ಕೊನೆಯಲ್ಲಿಯೇ, ಉದ್ದಕ್ಕೂ ಬರುತ್ತದೆಯೇ ಎಂದು ಗಮನಿಸಿ ವೈದ್ಯರಿಗೆ ಹೇಳಿ. ಆರಂಭದ ರಕ್ತ ಮೂತ್ರದ್ವಾರದ ನಾಳವನ್ನೂ, ಕೊನೆಯ ರಕ್ತ ಮೂತ್ರಕೋಶದ ಕುತ್ತಿಗೆಯನ್ನೂ ಪ್ರಾಸ್ಟೇಟನ್ನೂ, ಉದ್ದಕ್ಕೂ ಬರುವ ರಕ್ತ ಅದಕ್ಕಿಂತ ಮೇಲಿನ ಭಾಗವನ್ನೂ ಸೂಚಿಸುತ್ತದೆ. ಇದಕ್ಕೆ ಖರ್ಚೇ ಇಲ್ಲ.

ಹೆಪ್ಪುಗಟ್ಟಿ ಮೂತ್ರ ನಿಂತುಹೋದರೆ, ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ, ತಲೆಸುತ್ತಿ ಬಂದರೆ, ಮೂತ್ರದ ಪ್ರಮಾಣ ತೀರ ಇಳಿದರೆ ಮೇಲಿನ ಯಾವ ಹೋಲಿಕೆಯೂ ಅನ್ವಯಿಸುವುದಿಲ್ಲ. ಅದು ತುರ್ತು ಚಿಕಿತ್ಸಾ ವಿಭಾಗದ ಕೆಲಸ. ಗರ್ಭಿಣಿಯರೂ ಮೂತ್ರಪಿಂಡ ಕಸಿ ಮಾಡಿಸಿಕೊಂಡವರೂ ರಕ್ತ ಕಂಡ ದಿನವೇ ತಮ್ಮ ವೈದ್ಯರನ್ನು ಕಾಣಬೇಕು.

ಎಲ್ಲವನ್ನೂ ಮಾಡಿಸಿ ಏನೂ ಸಿಗದೆ ಉಳಿಯುವವರೂ ಇದ್ದಾರೆ, ಅವರ ಸಂಖ್ಯೆ ಕಡಿಮೆಯೇನಲ್ಲ. ಅವರು ಹೊಸ ಹೊಸ ಪರೀಕ್ಷೆಗಳ ಬೆನ್ನುಹತ್ತುವ ಬದಲು ಒಂದು ವರ್ಷದೊಳಗೆ ಮೈಕ್ರೋಸ್ಕೋಪಿಯನ್ನು ಮತ್ತೆ ಮಾಡಿಸಬಹುದು. ಕಣಗಳು ಉಳಿದಿದ್ದರೆ ವರ್ಷಕ್ಕೊಮ್ಮೆ ರಕ್ತದೊತ್ತಡ, ಪ್ರೋಟೀನ್ ಅನುಪಾತ ಮತ್ತು ಕ್ರಿಯಾಟಿನಿನ್ ಈ ಮೂರನ್ನು ನೋಡಿಸಿ, ಹಳೆಯ ವರದಿಗಳನ್ನು ಜೋಪಾನವಾಗಿಟ್ಟು, ಮುಂದಿನ ಭೇಟಿಗೆ ಅವುಗಳನ್ನೂ ಜೊತೆಗೆ ಒಯ್ಯಬೇಕು. ನಡುವೆ ಎಂದಾದರೂ ಕಣ್ಣಿಗೆ ಕಾಣುವಂತೆ ರಕ್ತ ಹೋದರೆ ವರ್ಷದ ಲೆಕ್ಕ ಹಿಡಿದು ಕಾಯದೆ ಕೂಡಲೇ ಹೋಗಬೇಕು.